ನಿಂತ ಲಾರಿ, ಓಡುವ ಲಾರಿ: ಕಲಬುರಗಿ, ಬೀದರ್, ಯಾದಗಿರಿ ಹೆದ್ದಾರಿಗಳಲ್ಲಿ ಜೀವ ಉಳಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

2025ರ ಏಪ್ರಿಲ್ 5, ಬೆಳಗಿನ ಜಾವ. ಬಾಗಲಕೋಟೆ ಕಡೆಯಿಂದ ಕಲಬುರಗಿಯ ಬಂದೇ ನವಾಜ್ ದರ್ಗಾಕ್ಕೆ ಹೊರಟಿದ್ದ ವ್ಯಾನು ಜೇವರ್ಗಿ ತಾಲೂಕಿನ ನೆಲೋಗಿ ಕ್ರಾಸ್ ಹತ್ತಿರ ನಿಂತಿದ್ದ ಲಾರಿಗೆ ಹಿಂದಿನಿಂದ ಗುದ್ದಿತು. 5 ಜನ ತೀರಿಕೊಂಡರು. ಅದಕ್ಕೂ ಮೊದಲು, 2023ರ ಜೂನ್ 6ರಂದು, ಯಾದಗಿರಿ ಜಿಲ್ಲೆಯ ಬಳಿಚಕ್ರದ ಬಳಿ ಹೀಗೇ ಆಗಿತ್ತು. ಆಂಧ್ರದಿಂದ ಅದೇ ದರ್ಗಾದ ಉರುಸಿಗೆ ಬರುತ್ತಿದ್ದವರ ಕ್ರೂಸರ್. ಅಲ್ಲೂ ನಿಂತ ಲಾರಿ, ಅಲ್ಲೂ 5 ಜನ.

ಎರಡೂ ಸಲ ಲಾರಿ ಯಾರ ಮೇಲೂ ನುಗ್ಗಿ ಬಂದಿರಲಿಲ್ಲ. ಸುಮ್ನೆ ನಿಂತಿತ್ತು. ಲಾರಿ ಅಂದರೆ ನಮಗೆಲ್ಲ ಎದುರಿಗೆ ಬರುವ ಲಾರಿಯದ್ದೇ ಭಯ. ಆದರೆ ನಮ್ಮ ಮೂರು ಜಿಲ್ಲೆಗಳ ರಸ್ತೆಗಳಲ್ಲಿ ರಾತ್ರಿ ಹೊತ್ತು ನಾನು ಹೆಚ್ಚು ಹೆದರುವುದು ಲೈಟಿಲ್ಲದೆ ನಿಂತ ಲಾರಿಗೆ. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಅದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ನಾನು ಕಲಬುರಗಿಯವನು. ನಮ್ಮ ಕಾಕಾ 28 ವರ್ಷ ಸಿಮೆಂಟ್ ಲಾರಿ ಓಡಿಸಿದವರು. ಇಲ್ಲಿರುವುದರಲ್ಲಿ ಅರ್ಧ ಅವರಿಂದ ಕಲಿತದ್ದು. ಉಳಿದರ್ಧ, ನಾನೇ ಒಂದು ರಾತ್ರಿ ಸಾವಿನ ಬಾಯಿಗೆ ಹೋಗಿ ಬಂದ ಮೇಲೆ ಕೇಳಿ, ಓದಿ ತಿಳಿದುಕೊಂಡದ್ದು.

ಹಂತ 1: ಹೊರಡುವ ಹೊತ್ತನ್ನು ಮೊದಲು ಬದಲಿಸಿ

ಗಾಣಗಾಪುರದ ಹುಣ್ಣಿಮೆ ಇರಲಿ, ಘತ್ತರಗಿ ಭಾಗ್ಯವಂತಿ ಇರಲಿ, ತುಳಜಾಪುರ, ಪಂಢರಪುರ ಇರಲಿ, ನಮ್ಮಲ್ಲಿ ಒಂದು ರೂಢಿ ಇದೆ. ರಾತ್ರಿ ಊಟ ಮುಗಿಸಿ ಹೊರಡುವುದು, ಬೆಳಗ್ಗೆ ದರ್ಶನ ಮಾಡುವುದು, ಸಂಜೆಗೆ ಮನೆ. ಒಂದು ದಿನದ ಕೂಲಿ ಉಳಿಯುತ್ತದೆ, ರೂಮಿನ ಖರ್ಚಿಲ್ಲ. ಬಡವರ ಲೆಕ್ಕ ಅದು. ತಪ್ಪು ಅಂತ ನಾನು ಹೇಳುವುದಿಲ್ಲ.

ಆದರೆ ಹಗಲೆಲ್ಲ ಗಾಡಿ ಓಡಿಸಿದ ಡ್ರೈವರ್ ಅದೇ ರಾತ್ರಿ ಮತ್ತೆ ಸ್ಟೀರಿಂಗ್ ಹಿಡಿದಿರುತ್ತಾನೆ. ರಾತ್ರಿ 2ರಿಂದ ಬೆಳಗ್ಗೆ 5ರವರೆಗೆ ಮನುಷ್ಯನ ಮೈ ತಾನಾಗಿಯೇ ನಿದ್ದೆಗೆ ಎಳೆಯುತ್ತದೆ. ಚಹಾ ಕುಡಿದರೂ ಅಷ್ಟೇ, ಮುಖ ತೊಳೆದರೂ ಅಷ್ಟೇ. ಕಣ್ಣು ತೆರೆದೇ ಇರುತ್ತದೆ, ಆದರೆ ಮೂರ್ನಾಲ್ಕು ಸೆಕೆಂಡು ತಲೆ ಅಲ್ಲಿರುವುದಿಲ್ಲ. 80ರ ವೇಗದಲ್ಲಿ ನಾಲ್ಕು ಸೆಕೆಂಡು ಅಂದರೆ ಸುಮಾರು 90 ಮೀಟರ್.

ಹೀಗಾಗಿ ಒಂದೋ ರಾತ್ರಿ 11ರೊಳಗೆ ತಲುಪುವ ಹಾಗೆ ಹೊರಡಿ, ಇಲ್ಲವೇ ಬೆಳಗ್ಗೆ 5ಕ್ಕೆ ಎದ್ದು ಹೊರಡಿ. ನಡುರಾತ್ರಿ ಹೋಗಲೇಬೇಕು ಅಂದರೆ ಇಬ್ಬರು ಡ್ರೈವರ್ ಇರಲಿ. ಗಾಡಿ ಗೊತ್ತು ಮಾಡುವಾಗಲೇ ಕೇಳಿ: "ಅಣ್ಣಾ, ಇವತ್ತು ಮುಂಜಾನಿಂದ ಎಲ್ಲೆಲ್ಲಿ ಹೋಗಿ ಬಂದ್ರಿ? ನಿದ್ದಿ ಆಗೇದೇನ್ರೀ?" ನಾಚಿಕೆ ಬೇಡ. ಬಾಡಿಗೆಯ ಬಗ್ಗೆ ಅರ್ಧ ತಾಸು ಚೌಕಾಸಿ ಮಾಡುತ್ತೇವೆ, ಇದನ್ನು ಕೇಳಲು ಒಂದು ನಿಮಿಷ ಸಾಕು. ದಾರಿಯಲ್ಲಿ ಅವರು ಕತ್ತು ಉಜ್ಜಿಕೊಳ್ಳುವುದು, ಕಿಟಕಿ ಇಳಿಸಿ ಗಾಳಿ ತೆಗೆದುಕೊಳ್ಳುವುದು ಕಂಡರೆ ಬೆಳಕಿರುವ ಢಾಬಾದಲ್ಲೋ ಪೆಟ್ರೋಲ್ ಬಂಕಿನಲ್ಲೋ ಗಾಡಿ ಒಳಗೆ ಹಾಕಿಸಿ. 20 ನಿಮಿಷ ಮಲಗಲಿ. ಡ್ರೈವರ್ ಪಕ್ಕ ಕೂತವರಿಗೂ ಒಂದು ಕೆಲಸ ಇದೆ: ನಿದ್ದೆ ಮಾಡಬಾರದು.

ಹಂತ 2: ಗಾಡಿ ನೋಡಿ, ತಲೆ ಎಣಿಸಿ

ಇದು ಹತ್ತು ನಿಮಿಷದ ಕೆಲಸ. ಎರಡೂ ಹೆಡ್‌ಲೈಟ್ ಉರಿಯುತ್ತವೆಯಾ ನೋಡಿ. ಗ್ಲಾಸು ಹಳದಿಯಾಗಿದ್ದರೆ ಪಾಲಿಶ್ ಹೊಡೆಸಿ, ಬೆಳಕು ಎಷ್ಟೋ ಜಾಸ್ತಿಯಾಗುತ್ತದೆ. ಮುಂದಿನ ಗಾಜನ್ನು ಒಳಗಿನಿಂದಲೂ ಒರೆಸಿ. ಒಳಗಿನ ಜಿಡ್ಡಿಗೆ ಎದುರಿನ ಲೈಟು ಬಿದ್ದಾಗ ಇಡೀ ಗಾಜು ಬೆಳ್ಳಗಾಗುತ್ತದೆ, ಏನೂ ಕಾಣುವುದಿಲ್ಲ. ಏಪ್ರಿಲ್, ಮೇ ಬಿಸಿಲಿನಲ್ಲಿ ಟೈರಿನ ಗಾಳಿ ಬೆಳಗ್ಗೆ ತಣ್ಣಗಿರುವಾಗ ನೋಡಿ.

ತಲೆ ಎಣಿಕೆ ದೊಡ್ಡ ವಿಷಯ. ಕ್ರೂಸರಿನಲ್ಲಿ ಮುಂದೆ ನಾಲ್ಕು, ನಡುವೆ ಐದು, ಹಿಂದೆ ಎದುರುಬದುರು ಎಂಟು, ಮೇಲೆ ನಾಲ್ಕು ಹುಡುಗರು. ನಮಗಿದು ಮಾಮೂಲಿ ಆಗಿಬಿಟ್ಟಿದೆ. ಮುಂದೆ ನಾಲ್ಕು ಜನ ಕೂತರೆ ಡ್ರೈವರ್ ಅರ್ಧ ಬಾಗಿಲಿಗೆ ಒರಗಿ ಓಡಿಸುತ್ತಾನೆ, ಗೇರಿಗೆ ಕೈ ಹೋಗಲು ಯಾರದ್ದೋ ಮೊಣಕಾಲು ಅಡ್ಡ. ಭಾರ ಹೆಚ್ಚಾದಷ್ಟೂ ಬ್ರೇಕು ಹಿಡಿದು ನಿಲ್ಲಲು ಬೇಕಾದ ದೂರ ಹೆಚ್ಚಾಗುತ್ತದೆ. ಹಿಂದಿನ ಅಡ್ಡ ಸೀಟಿನಲ್ಲಿ ಬೆಲ್ಟು ಇರುವುದಿಲ್ಲ. ಗುದ್ದಿದಾಗ ಅಲ್ಲಿದ್ದವರು ಮುಂದಿನವರ ಮೇಲೆ ಬೀಳುತ್ತಾರೆ. ಮಕ್ಕಳನ್ನು, ವಯಸ್ಸಾದವರನ್ನು ನಡುವಿನ ಸೀಟಿನಲ್ಲಿ ಕೂರಿಸಿ. ಬೆಲ್ಟು ಇದ್ದಲ್ಲೆಲ್ಲ ಹಾಕಿಸಿ, ಹಿಂದಿನ ಸೀಟಿನಲ್ಲೂ.

2022ರ ನವೆಂಬರಿನಲ್ಲಿ ಬೀದರ್ ಜಿಲ್ಲೆಯ ಬೇಮಳಖೇಡದ ಬಳಿ ಕೂಲಿ ಮುಗಿಸಿ ಮನೆಗೆ ಹೋಗುತ್ತಿದ್ದ ಹೆಣ್ಣುಮಕ್ಕಳ ಆಟೋಗೂ ಲಾರಿಗೂ ಡಿಕ್ಕಿಯಾಗಿ 7 ಮಹಿಳೆಯರು ತೀರಿಕೊಂಡರು. ಆಟೋ, ಟಂಟಂ ಅಂದರೆ ತಗಡು, ಅಷ್ಟೇ. ಲಾರಿ ಓಡಾಡುವ ರಸ್ತೆಯಲ್ಲಿ ಬಸ್ಸು ಸಿಗುವ ಹಾಗಿದ್ದರೆ ಅರ್ಧ ತಾಸು ಕಾದು ಬಸ್ಸೇ ಹತ್ತಿ. ಗೂಡ್ಸ್ ಗಾಡಿಯಲ್ಲಂತೂ ದಿಬ್ಬಣ, ಜಾತ್ರೆ ಅಂತ ಜನರನ್ನು ತುಂಬಲೇಬೇಡಿ. ಜೀವಕ್ಕೂ ಅಪಾಯ, ಆಮೇಲೆ ವಿಮೆಗೂ ತೊಡಕು. ಸರಕು ಗಾಡಿಯಲ್ಲಿ ಸುಮ್ನೆ ಹತ್ತಿಸಿಕೊಂಡ ಪ್ರಯಾಣಿಕರಿಗೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಯದ್ದಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿ ಎರಡು ದಶಕ ದಾಟಿದೆ.

ಹಂತ 3: ರಾತ್ರಿ ವೇಗವನ್ನು ಲೈಟಿನಿಂದ ಅಳೆಯಿರಿ

ಈ ಒಂದು ಲೆಕ್ಕ ತಲೆಯಲ್ಲಿ ಕೂರಿಸಿಕೊಳ್ಳಿ. ಲೋ ಬೀಮಿನಲ್ಲಿ, ಅಂದರೆ ಹೆಡ್‌ಲೈಟಿನ ಬೆಳಕು ಕೆಳಗೆ ಬೀಳುವ ಹಾಗೆ ಇಟ್ಟಾಗ, ನಮಗೆ ರಸ್ತೆ ಚೆನ್ನಾಗಿ ಕಾಣುವುದು ಸುಮಾರು 40ರಿಂದ 50 ಮೀಟರ್. ಕಣ್ಣು ನೋಡಿ, ತಲೆ ಅರ್ಥ ಮಾಡಿಕೊಂಡು, ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡು ಬೇಕು. ಆ ಮೇಲೆ ಗಾಡಿ ನಿಲ್ಲಬೇಕು. ಒಣ ರಸ್ತೆ, ಒಳ್ಳೆಯ ಟೈರು, ಕಾರಿನಲ್ಲಿ ನಾಲ್ಕೇ ಜನ ಅಂತ ಇಟ್ಟುಕೊಂಡರೂ 60ರ ವೇಗದಲ್ಲಿ ಪೂರಾ ನಿಲ್ಲಲು ಸುಮಾರು 45 ಮೀಟರ್ ಬೇಕು. 80ಕ್ಕೆ 70 ಮೀಟರ್. 100ಕ್ಕೆ ಹತ್ತಿರ ಹತ್ತಿರ 100 ಮೀಟರ್.

ಅಂದರೆ ಲೋ ಬೀಮ್ ಹಾಕಿಕೊಂಡು 80ರಲ್ಲಿ ಹೋಗುವವನು ಲೈಟಿಲ್ಲದ ಲಾರಿಯನ್ನು ಕಂಡ ಕ್ಷಣ ಬ್ರೇಕ್ ಒತ್ತಿದರೂ ಗುದ್ದುತ್ತಾನೆ. ಅವನು ಎಷ್ಟೇ ಚೆನ್ನಾಗಿ ಓಡಿಸಲಿ, ನಿಲ್ಲುವಷ್ಟು ಜಾಗವೇ ಅಲ್ಲಿಲ್ಲ.

ಹೀಗಾಗಿ ಜೇವರ್ಗಿ–ಶಹಾಪುರ, ಕಲಬುರಗಿ–ಹುಮನಾಬಾದ್, ಯಾದಗಿರಿ–ಸೈದಾಪುರದಂಥ ರಸ್ತೆಗಳಲ್ಲಿ ಎದುರಿಗೆ ಗಾಡಿ ಇಲ್ಲದಾಗ ಹೈ ಬೀಮ್ ಹಾಕಿ, ಗಾಡಿ ಬಂದಾಗ ಡಿಪ್ ಮಾಡಿ, ಡಿಪ್ ಮಾಡಿದ ಕೂಡಲೇ ವೇಗವನ್ನು 60ಕ್ಕೆ ಇಳಿಸಿ. ಮೂರೂ ಒಟ್ಟಿಗೆ ಆಗಬೇಕು. ಎದುರಿನವನ ಲೈಟು ಕಣ್ಣಿಗೆ ಹೊಡೆದಾಗ ನಮ್ಮ ಎಡಭಾಗ ಪೂರಾ ಕತ್ತಲಾಗುತ್ತದಲ್ವಾ, ನಿಂತ ಲಾರಿ ಇರುವುದು ಆ ಕತ್ತಲಲ್ಲೇ. ಆಗ ಎದುರಿನ ಲೈಟನ್ನು ನೋಡದೆ ರಸ್ತೆಯ ಎಡ ಅಂಚಿನ ಬಿಳಿ ಪಟ್ಟಿಯ ಮೇಲೆ ಕಣ್ಣಿಡಿ.

ಕಾನೂನಿನ ಮಿತಿಯೂ ಇದಕ್ಕೆ ಹತ್ತಿರವೇ ಇದೆ. 2018ರ ಕೇಂದ್ರದ ಅಧಿಸೂಚನೆ ಪ್ರಕಾರ ನಡುವೆ ಡಿವೈಡರ್ ಇರುವ ನಾಲ್ಕು ಲೇನಿನಲ್ಲಿ ಕಾರಿಗೆ 100, ಎರಡು ಲೇನಿನ ರಸ್ತೆಯಲ್ಲಿ 70. ಡ್ರೈವರ್ ಬಿಟ್ಟು ಒಂಬತ್ತು ಅಥವಾ ಹೆಚ್ಚು ಸೀಟಿನ ಗಾಡಿಗೆ 90 ಮತ್ತು 60. ಲಾರಿಗೆ 80 ಮತ್ತು 60.

ಹಂತ 4: ನಿಂತ ಲಾರಿಯನ್ನು ದೂರದಿಂದಲೇ ಗುರುತಿಸಿ

ಲಾರಿಗಳು ರಸ್ತೆಯ ಮೇಲೆ ಯಾಕೆ ನಿಲ್ಲುತ್ತವೆ? ಡ್ರೈವರುಗಳ ಸೊಕ್ಕು ಅಂತ ಬೈಯುವುದು ಸುಲಭ. ಕಾಕಾ ನನಗೆ ಬೇರೆ ಕಾರಣ ತೋರಿಸಿದರು. ನಮ್ಮದು ಎರೆ ನೆಲ. ಮಳೆ ಬಿದ್ದ ಮೇಲೆ ರಸ್ತೆ ಪಕ್ಕದ ಮಣ್ಣಿಗೆ ಹದಿನೈದು ಇಪ್ಪತ್ತು ಟನ್ ಸಿಮೆಂಟಿನ ಲಾರಿ ಇಳಿದರೆ ಚಕ್ರ ಹೂತು ಹೋಗುತ್ತದೆ, ಪಲ್ಟಿಯೂ ಆಗಬಹುದು. ಹಾಗಾಗಿ ಪಾಟಾ (ಚಕ್ರದ ಮೇಲಿನ ಸ್ಪ್ರಿಂಗ್ ಪಟ್ಟಿ) ಮುರಿದರೂ, ಟೈರ್ ಒಡೆದರೂ ಡ್ರೈವರ್ ಡಾಂಬರು ಬಿಟ್ಟು ಇಳಿಯುವುದಿಲ್ಲ. ಅರ್ಧ ಲಾರಿ ರಸ್ತೆಯ ಮೇಲೆಯೇ ಉಳಿಯುತ್ತದೆ. ವಾಡಿ, ಸೇಡಂ, ಮಳಖೇಡದ ಸಿಮೆಂಟು, ಶಹಾಬಾದಿನ ಫರ್ಸಿ ಕಲ್ಲು, ಕಲಬುರಗಿಯ ತೊಗರಿ ಬೇಳೆ, ಎಲ್ಲವೂ ಓಡಾಡುವುದು ಇದೇ ರಸ್ತೆಗಳಲ್ಲಿ.

ಅದೇ ಎರೆ ಮಣ್ಣು ಇನ್ನೊಂದು ಕೆಲಸ ಮಾಡುತ್ತದೆ. ಒಂದು ಮಳೆಗಾಲದ ಸಂಜೆ ಹುಮನಾಬಾದ್ ರಸ್ತೆಯ ಢಾಬಾದಲ್ಲಿ ನಿಂತಿದ್ದ ಲಾರಿಯ ಹಿಂದೆ ಕಾಕಾ ನನ್ನನ್ನು ಕರೆದುಕೊಂಡು ಹೋದರು. ಲೈಟ್ ಉರಿಯುತ್ತಿದೆ ಅಂದರು. ನನಗೆ ಕಾಣಲಿಲ್ಲ. ಕರವಸ್ತ್ರ ತೆಗೆದು ಗ್ಲಾಸಿನ ಮೇಲಿನ ಕೆಸರು ಒರೆಸಿದರು. ಬೆರಳು ದಪ್ಪದ ಕರಿ ಪದರದ ಕೆಳಗಿನಿಂದ ಕೆಂಪು ಬೆಳಕು ಹೊರಗೆ ಬಂತು. ಕೆಳಗಿನ ಹೊಳೆಯುವ ಟೇಪನ್ನೂ ಒರೆಸಿದರು. ನಾನು ಮೊಬೈಲ್ ಟಾರ್ಚ್ ಬಿಟ್ಟೆ, ಕೆಂಡದ ಹಾಗೆ ಹೊಳೆಯಿತು. ಪಕ್ಕದಲ್ಲಿ ಒರೆಸದೇ ಬಿಟ್ಟ ಜಾಗ ಕತ್ತಲಾಗಿಯೇ ಇತ್ತು. ಕರವಸ್ತ್ರ ಪೂರಾ ಕಪ್ಪಾಗಿತ್ತು.

ಹಿಂದೆ ಕೆಂಪು, ಪಕ್ಕಕ್ಕೆ ಹಳದಿ, ಮುಂದೆ ಬಿಳಿ ಹೊಳೆಯುವ ಟೇಪ್ ಇರಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮವೇ ಹೇಳುತ್ತದೆ. ಆದರೆ ಕೆಸರು ನಿಯಮ ಓದಿಲ್ಲ. ಹಾಗಾಗಿ ಟೇಪ್ ಹೊಳೆಯುತ್ತದೆ ಎಂದು ನಂಬಿ ಓಡಿಸಬೇಡಿ. ಈ ಗುರುತುಗಳನ್ನು ಹುಡುಕಿ.

ರಸ್ತೆಯ ಮೇಲೆ ಜಾಲಿ ಟೊಂಗೆ, ಕಲ್ಲು ಸಾಲಾಗಿ ಕಂಡರೆ ಮುಂದೆ ಕೆಟ್ಟ ಗಾಡಿ ಇದೆ ಎಂದೇ ಲೆಕ್ಕ. ಮುಂದಿನ ಗಾಡಿಗಳೆಲ್ಲ ಒಂದೇ ಜಾಗದಲ್ಲಿ ಬಲಕ್ಕೆ ಸರಿದು ಹೋಗುತ್ತಿದ್ದರೆ ಅಲ್ಲೇನೋ ನಿಂತಿದೆ. ಎಡ ಅಂಚಿನ ಬಿಳಿ ಪಟ್ಟಿ ಇದ್ದಕ್ಕಿದ್ದಂತೆ ಮಾಯವಾದರೆ, ಅಥವಾ ಎದುರಿನ ಗಾಡಿಯ ಬೆಳಕು ಒಂದು ಕ್ಷಣ ಅರ್ಧಕ್ಕೆ ಮುಚ್ಚಿದರೆ, ನಡುವೆ ಏನೋ ಅಡ್ಡ ಇದೆ. ನನ್ನನ್ನು ಉಳಿಸಿದ್ದು ಈ ಕೊನೆಯದೇ. ಸುರಪುರದ ಮದುವೆ ಮುಗಿಸಿ ರಾತ್ರಿ ಒಂದೂವರೆಗೆ ಮರಳುತ್ತಿದ್ದೆ. ಎದುರಿನ ಬಸ್ಸಿನ ಎರಡು ಲೈಟಿನಲ್ಲಿ ಒಂದು ಕಾಣದಾಯಿತು. ಬಲ್ಬ್ ಹೋಯಿತಾ ಅಂದುಕೊಂಡು ಕಾಲು ಎತ್ತಿದೆ. ಮರುಕ್ಷಣ ನನ್ನ ಬಾನೆಟ್ಟಿನ ಮುಂದೆ ಫರ್ಸಿ ತುಂಬಿದ ಲಾರಿಯ ಬೆನ್ನು. ಬ್ರೇಕು ಹಿಡಿದು ನಿಂತಾಗ ನಡುವೆ ಒಂದು ಮಂಚದಷ್ಟು ಜಾಗವಿತ್ತು. ಹಿಂದಿನ ಸೀಟಿನಲ್ಲಿ ಮಲಗಿದ್ದ ಅಕ್ಕನ ಮಗಳಿಗೆ ಎಚ್ಚರವೇ ಆಗಲಿಲ್ಲ. ಲಾರಿಯಲ್ಲಿ ಯಾರೂ ಇರಲಿಲ್ಲ, ಒಂದು ಕಲ್ಲನ್ನೂ ಇಟ್ಟಿರಲಿಲ್ಲ.

ಢಾಬಾ, ಟೋಲ್, ಆರ್‌ಟಿಒ ತಪಾಸಣೆ ಜಾಗ, ಸಿಮೆಂಟ್ ಕಾರ್ಖಾನೆಯ ಗೇಟು, ಊರ ಕ್ರಾಸು, ಇವೆಲ್ಲ ಲಾರಿ ನಿಲ್ಲುವ ಖಾಯಂ ಜಾಗಗಳು. ಬರುವ ಮೊದಲೇ ಆಕ್ಸಿಲರೇಟರ್ ಬಿಡಿ. ಕೊನೇ ಕ್ಷಣದಲ್ಲಿ ಕಂಡರೆ ಬ್ರೇಕನ್ನು ಪೂರಾ ಬಲದಿಂದ ಒತ್ತಿ ಹಿಡಿಯಿರಿ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇದ್ದರೆ ಪೆಡಲ್ ನಡುಗುತ್ತದೆ, ಬಿಡಬೇಡಿ. ಎದುರಿನಿಂದ ಏನು ಬರುತ್ತಿದೆ ಅಂತ ನೋಡದೆ ಬಲಕ್ಕೆ ಎಳೆಯಬೇಡಿ.

ಹಂತ 5: ಓಡುವ ಲಾರಿಯ ಹಿಂದೆ ಎಲ್ಲಿರಬೇಕು

ಅದೇ ಢಾಬಾದಲ್ಲಿ ಕಾಕಾ ಇನ್ನೊಂದು ತೋರಿಸಿದರು. ಲಾರಿಯ ಹಿಂದೆ ಕೆಳಗೆ ಅಡ್ಡಕ್ಕೆ ಒಂದು ಕಬ್ಬಿಣದ ಗಾರ್ಡ್ ಇರಬೇಕು. ನೆಲದಿಂದ 55 ಸೆಂಟಿಮೀಟರಿಗಿಂತ ಮೇಲಿರಬಾರದು. ಹಿಂದಿನಿಂದ ಬಂದ ಕಾರು ಲಾರಿಯ ಅಡಿ ನುಗ್ಗದಂತೆ ತಡೆಯುವುದೇ ಅದರ ಕೆಲಸ. ಆ ಲಾರಿಯಲ್ಲಿ ಗಾರ್ಡ್ ಬಾಗಿ ಒಳಗೆ ಹೋಗಿತ್ತು, ಒಂದು ಕಡೆ ತಂತಿಯಿಂದ ಕಟ್ಟಿದ್ದರು. ನಾನು ಪಕ್ಕದಲ್ಲಿ ನಿಂತು ಅಳೆದೆ. ಲಾರಿಯ ಬಾಡಿ ನನ್ನ ಸೊಂಟಕ್ಕಿಂತ ಮೇಲೆ. ನನ್ನ ಕಾರಿನ ಬಾನೆಟ್ ಅದಕ್ಕಿಂತ ಕೆಳಗೆ.

ಅಂದರೆ ಗುದ್ದಿದಾಗ ಬಂಪರ್, ಬಾನೆಟ್ ಯಾವುದಕ್ಕೂ ಏಟು ಬೀಳದೆ ಅಡಿಗೆ ಹೋಗುತ್ತವೆ. ಮೊದಲ ಏಟು ಬೀಳುವುದು ಮುಂದಿನ ಗಾಜಿಗೆ, ಅಂದರೆ ನಮ್ಮ ಮುಖದ ಎತ್ತರಕ್ಕೆ. ಕಾರು ಮುಂಭಾಗ ನುಜ್ಜಾಗಿ ನಮ್ಮನ್ನು ಉಳಿಸುವ ಹಾಗೆ ಕಟ್ಟಿರುತ್ತಾರೆ, ಏರ್‌ಬ್ಯಾಗ್ ಕೂಡ ಆ ಏಟನ್ನು ನಂಬಿಯೇ ಬಿಚ್ಚಿಕೊಳ್ಳುವುದು. ಲಾರಿಯ ಅಡಿ ಹೋದಾಗ ಇದ್ಯಾವುದೂ ಸರಿಯಾಗಿ ಕೆಲಸಕ್ಕೆ ಬರುವುದಿಲ್ಲ. ಲಾರಿ ಹಿಂದೆ ಅಂತರ ಬಿಡಿ ಅಂತ ನಾನು ಎಲ್ಲರಿಗೂ ಬೇಡಿಕೊಳ್ಳುವುದು ಇದಕ್ಕೇ.

ಅಂತರ ಅಳೆಯುವುದು ಸುಲಭ. ಮುಂದಿನ ಲಾರಿ ಒಂದು ಕಂಬ ದಾಟಿದಾಗ ಮನಸ್ಸಿನಲ್ಲಿ ನಿಧಾನವಾಗಿ ಮೂರು ಸಲ "ಓಂ ನಮಃ ಶಿವಾಯ" ಅನ್ನಿ. ನಿಮ್ಮ ದೇವರು ಯಾರೋ ಅವರ ಹೆಸರು. ಮೂರು ಮುಗಿಯುವ ಮೊದಲೇ ನೀವು ಆ ಕಂಬ ಮುಟ್ಟಿದರೆ ಹತ್ತಿರ ಆಯ್ತು. ರಾತ್ರಿ, ಮಳೆ, ಚಳಿಗಾಲದ ಮಂಜಿನಲ್ಲಿ ಐದು ಸಲ.

ಕಾಕಾ ಹೇಳುವ ಇನ್ನೊಂದು ಮಾತು: "ನಮ್ಮ ಕನ್ನಡಿಯಾಗ ನಿನ್ನ ಮುಖ ಕಾಣಲಿಲ್ಲಂದ್ರ, ನಮಗ ನೀ ಇಲ್ಲೇ ಇಲ್ಲ ನೋಡಪ." ಲಾರಿಯ ತೀರಾ ಹಿಂದೆ, ಎಡ ಬಾಗಿಲಿನ ಪಕ್ಕ, ಕ್ಯಾಬಿನ್ನಿನ ಮುಂದೆ ತೀರಾ ಹತ್ತಿರ, ಈ ಮೂರೂ ಅವರಿಗೆ ಕಾಣದ ಜಾಗಗಳು. ಕ್ರಾಸಿನಲ್ಲಿ ಲಾರಿ ಎಡಕ್ಕೆ ತಿರುಗುವ ಮೊದಲು ಸ್ವಲ್ಪ ಬಲಕ್ಕೆ ಹೋಗುತ್ತದೆ. ಜಾಗ ಸಿಕ್ಕಿತು ಅಂತ ಎಡಗಡೆ ಬೈಕ್ ತೂರಿಸಿದರೆ ಹಿಂದಿನ ಚಕ್ರ ಅದೇ ಜಾಗಕ್ಕೆ ಬರುತ್ತದೆ. ಬೇಸಿಗೆಯಲ್ಲಿ ಲಾರಿಯ ಚಕ್ರದ ಪಕ್ಕದಲ್ಲೇ ಸಾಗಬೇಡಿ, ರಬ್ಬರ್ ಹೊಡೆಸಿದ ಹಳೇ ಟೈರು ಕಾದು ಪಟ್ಟಿಯಾಗಿ ಕಿತ್ತು ಬರುತ್ತದೆ.

ಹಂತ 6: ಓವರ್‌ಟೇಕ್

ಲಾರಿ 60ರಲ್ಲಿ ಹೋಗುತ್ತಿದೆ, ನೀವು 80ರಲ್ಲಿ ದಾಟುತ್ತೀರಿ ಅನ್ನೋಣ. ಹಿಂದಿನ ಅಂತರ, ಲಾರಿಯ ಉದ್ದ, ಮುಂದೆ ಹೋಗಿ ಸೇರಿಕೊಳ್ಳುವ ಅಂತರ ಎಲ್ಲ ಸೇರಿ ಸುಮಾರು 11 ಸೆಕೆಂಡು ಬೇಕು. ಅಷ್ಟರಲ್ಲಿ ನೀವು 240 ಮೀಟರ್ ಹೋಗಿರುತ್ತೀರಿ. ಎದುರಿನ ಗಾಡಿಯೂ 80ರಲ್ಲಿದ್ದರೆ ಅದೂ 240 ಮೀಟರ್ ಬಂದಿರುತ್ತದೆ. ಅರ್ಧ ಕಿಲೋಮೀಟರ್ ಖಾಲಿ ರಸ್ತೆ ಕಣ್ಣಿಗೆ ಕಂಡರೆ ಮಾತ್ರ ಎರಡು ಲೇನಿನಲ್ಲಿ ಓವರ್‌ಟೇಕ್ ಮಾಡಿ. ದಿಬ್ಬ, ತಿರುವು, ಸೇತುವೆ, ಊರಿನ ಬಾಯಿಯಲ್ಲಿ ಬೇಡವೇ ಬೇಡ.

ಲಾರಿಯವರ ಇಂಡಿಕೇಟರ್ ಭಾಷೆ ಗೊಂದಲದ್ದು. ಬಲ ಇಂಡಿಕೇಟರ್ ಹಾಕಿದರೆ ಕೆಲವರ ಅರ್ಥ "ಹೋಗು, ದಾರಿ ಖಾಲಿ", ಕೆಲವರದ್ದು "ನಾನು ಬಲಕ್ಕೆ ತಿರುಗುತ್ತಿದ್ದೇನೆ". ಎಡ ಹಾಕಿದರೂ ಹಾಗೇ, ಸೈಡ್ ಕೊಟ್ಟದ್ದೂ ಇರಬಹುದು, ನಿಲ್ಲಿಸುವುದೂ ಇರಬಹುದು. ನಾನು ಪಾಲಿಸುವ ನಿಯಮ ಸರಳ: ಬಲ ಇಂಡಿಕೇಟರ್ ಕಂಡರೆ ಓವರ್‌ಟೇಕ್ ಇಲ್ಲ. ಕ್ಲೀನರ್ ಕೈ ಬೀಸಿ ಹೋಗು ಅಂದರೂ ನನ್ನ ಕಣ್ಣಿಗೆ ರಸ್ತೆ ಕಾಣುವವರೆಗೆ ಹೋಗುವುದಿಲ್ಲ. ಎದುರಿನ ಲಾರಿ ಡಿಪ್ಪರ್ ಹೊಡೆದರೆ, ಅಂದರೆ ಹೆಡ್‌ಲೈಟ್ ಮಿಣುಕಿಸಿದರೆ, "ನಾನು ನಿಲ್ಲುವುದಿಲ್ಲ, ನೀನು ಬರಬೇಡ" ಅಂತಲೇ ತಿಳಿಯಿರಿ. ಒಂದು ಲಾರಿ ದಾಟಿದ ಓಟದಲ್ಲೇ ಎರಡನೆಯದನ್ನೂ ದಾಟುವ ಆಸೆ ಬೇಡ.

ಸೋಲಾಪುರ–ಹೈದರಾಬಾದ್ ನಾಲ್ಕು ಲೇನಿನಲ್ಲಿ ತೊಂದರೆ ಬೇರೆ ಥರ. ಲಾರಿಗಳು ಬಲ ಲೇನ್ ಹಿಡಿದು ಸಾಗುತ್ತವೆ, ಕಾರುಗಳು ಎಡದಿಂದ ನುಗ್ಗುತ್ತವೆ, ಆ ಎಡ ಲೇನಿನಲ್ಲೇ ಒಂದು ಲಾರಿ ನಿಂತಿರುತ್ತದೆ. ಹಾರನ್, ಡಿಪ್ಪರ್ ಕೊಟ್ಟು ಅರ್ಧ ನಿಮಿಷ ಕಾಯಿರಿ. ಎಡದಿಂದಲೇ ಹೋಗಬೇಕಾದರೆ ಎಡ ಲೇನ್ ದೂರದವರೆಗೆ ಖಾಲಿ ಕಂಡ ಮೇಲೆ ಹೋಗಿ. ಡಿವೈಡರ್ ತೆರೆದಿರುವ ಊರುಗಳ ಹತ್ತಿರ ರಾಂಗ್ ಸೈಡಿನಲ್ಲಿ ಟ್ರ್ಯಾಕ್ಟರ್ ಬರಬಹುದು ಅಂತ ಎಚ್ಚರವಿರಲಿ.

ಎಡ ಚಕ್ರ ಡಾಂಬರಿನಿಂದ ಕೆಳಗೆ ಇಳಿದುಬಿಟ್ಟರೆ ಸ್ಟೀರಿಂಗನ್ನು ತಟ್ಟನೆ ಎಳೆಯಬೇಡಿ. ಎಳೆದರೆ ಗಾಡಿ ನೇರ ಎದುರಿನ ಲಾರಿಯತ್ತ ಹಾರುತ್ತದೆ. ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ನಿಧಾನವಾಗಿ ಮೇಲೆ ಹತ್ತಿಸಿ.

ಹಂತ 7: ಕಬ್ಬಿನ ಕಾಲ

ನವೆಂಬರಿನಿಂದ ಮಾರ್ಚಿನವರೆಗೆ ಭಾಲ್ಕಿ, ಹುಮನಾಬಾದ್, ಆಳಂದ, ಅಫಜಲಪುರ ಕಡೆ ರಾತ್ರಿ ಓಡಾಡುವವರು ಇದನ್ನು ಓದಲೇಬೇಕು. ಕಬ್ಬಿನ ಟ್ರ್ಯಾಕ್ಟರು ಎರಡು ಟ್ರಾಲಿ ಎಳೆದುಕೊಂಡು 15, 20ರ ವೇಗದಲ್ಲಿ ಹೋಗುತ್ತದೆ. ನೀವು 70ರಲ್ಲಿದ್ದರೆ ಅದು ನಿಮ್ಮ ಪಾಲಿಗೆ ನಿಂತ ಹಾಗೇ. ಟ್ರಾಲಿಗೆ ಲೈಟಿಲ್ಲ, ಇದ್ದರೂ ಜೋತ ಕಬ್ಬು ಮುಚ್ಚಿರುತ್ತದೆ. ಎದುರಿನಿಂದ ಒಂದೇ ಲೈಟು ಬಂದರೆ ಬೈಕು ಅಂದುಕೊಳ್ಳಬೇಡಿ, ಅದು ಅರ್ಧ ರಸ್ತೆ ತುಂಬಿದ ಟ್ರ್ಯಾಕ್ಟರ್ ಇರಬಹುದು. ದಾರಿಯಲ್ಲಿ ಕಬ್ಬಿನ ಸೋಗೆ ಬಿದ್ದಿರುವುದು ಕಂಡರೆ ಮುಂದೆ ಟ್ರಾಲಿ ಇದೆ. ರೈತ ಬಾಂಧವರಲ್ಲಿ ಒಂದೇ ವಿನಂತಿ: ಕಾರ್ಖಾನೆಗೆ ಹೊರಡುವ ಮುನ್ನ ಕಬ್ಬಿನ ಮೇಲೆ, ಟ್ರಾಲಿಯ ಹಿಂದೆ, ಒಂದು ಮೀಟರ್ ಕೆಂಪು ಹೊಳೆಯುವ ಪಟ್ಟಿ ಕಟ್ಟಿ.

ಹಂತ 8: ನಿಮ್ಮದೇ ಗಾಡಿ ಕೆಟ್ಟರೆ

ಕಾರಾಗಲಿ, ಲಾರಿಯಾಗಲಿ, ಸಾಧ್ಯವಾದಷ್ಟು ಎಡಕ್ಕೆ ತನ್ನಿ. ನಾಲ್ಕೂ ಇಂಡಿಕೇಟರ್ ಹಾಕಿ. ಜನರನ್ನು ಇಳಿಸಿ ರಸ್ತೆಯಿಂದ ದೂರ ಕೂರಿಸಿ, ಗಾಡಿಯ ಹಿಂದೆ ಯಾರೂ ನಿಲ್ಲಬಾರದು. ಕೆಂಪು ತ್ರಿಕೋನ ಹಿಡಿದು, ಟಾರ್ಚ್ ಹಚ್ಚಿಕೊಂಡು, ರಸ್ತೆಯ ಅಂಚಿನಲ್ಲಿ ಹಿಂದಕ್ಕೆ 70 ಹೆಜ್ಜೆ ನಡೆಯಿರಿ. ಅದು 50 ಮೀಟರ್. ನಾಲ್ಕು ಲೇನಿನಲ್ಲಿ 140 ಹೆಜ್ಜೆ. ತಿರುವಿದ್ದರೆ ತಿರುವಿಗೂ ಹಿಂದೆ ಇಡಿ. ರಾಷ್ಟ್ರೀಯ ಹೆದ್ದಾರಿಯಾದರೆ ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ.

ಲಾರಿ ಡ್ರೈವರ್ ಅಣ್ಣಂದಿರಿಗೆ: ಬ್ಯಾಟರಿ ಇಳಿಯುತ್ತದೆ ಅಂತ ಪಾರ್ಕಿಂಗ್ ಲೈಟ್ ಆರಿಸಬೇಡಿ. ಬೇಕಾದರೆ ಸೆಲ್ಲಿನ ಕೆಂಪು ಮಿಣುಕು ದೀಪ ಒಂದು ಇಟ್ಟುಕೊಳ್ಳಿ. ಕಾಕಾ ಸೀಟಿನ ಕೆಳಗೆ ಒಂದು ಹಳೇ ಬನಿಯನ್ ಇಟ್ಟಿರುತ್ತಿದ್ದರು. ಪ್ರತಿ ಸಲ ಹತ್ತುವ ಮೊದಲು ಹಿಂದೆ ಹೋಗಿ ಲೈಟು, ಟೇಪು ಒರೆಸಿ ಬರುತ್ತಿದ್ದರು. ಹೊರಡುವಾಗ ನೀವು ಇಟ್ಟ ಕಲ್ಲನ್ನು ನೀವೇ ತೆಗೆಯಿರಿ. ಬಿಟ್ಟು ಹೋದ ಕಲ್ಲಿಗೆ ಬೈಕಿನವರು ಬೀಳುತ್ತಾರೆ.

ಹಂತ 9: ಅಪಘಾತ ಆಗಿಹೋದರೆ, ಮೊದಲ ಹತ್ತು ನಿಮಿಷ

ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ ಮೂರರಲ್ಲೊಂದಕ್ಕಿಂತ ಹೆಚ್ಚು ಸಾವು ರಾಷ್ಟ್ರೀಯ ಹೆದ್ದಾರಿಗಳಲ್ಲಿ. ರಕ್ತ ನಿಲ್ಲಿಸಿ, ಬೇಗ ಆಸ್ಪತ್ರೆ ಮುಟ್ಟಿಸಿದರೆ ಉಳಿಯುವ ಜೀವಗಳು ಬಹಳ ಇರುತ್ತವೆ.

ಮೊದಲು ನಿಮ್ಮ ಗಾಡಿಯನ್ನು ದೂರ ನಿಲ್ಲಿಸಿ ಇಂಡಿಕೇಟರ್ ಹಾಕಿ. ಒಬ್ಬರನ್ನು ಟಾರ್ಚ್ ಕೊಟ್ಟು ಹಿಂದೆ ಕಳಿಸಿ, ಇಲ್ಲದಿದ್ದರೆ ಎರಡನೇ ಗಾಡಿ ಬಂದು ಗುದ್ದುತ್ತದೆ. 112 ಅಥವಾ 108ಕ್ಕೆ ಫೋನ್ ಮಾಡಿ. "ಹೈವೇದಾಗ ಆಗೇದ" ಅಂದರೆ ಅವರಿಗೆ ಗೊತ್ತಾಗುವುದಿಲ್ಲ. ಯಾವ ಊರಿನಿಂದ ಯಾವ ಊರಿಗೆ ಹೋಗುವ ಬದಿ, ಹತ್ತಿರದ ಕ್ರಾಸು, ಕಿಲೋಮೀಟರ್ ಕಲ್ಲಿನ ನಂಬರು, ಎಷ್ಟು ಜನ ಸಿಕ್ಕಿಹಾಕಿಕೊಂಡಿದ್ದಾರೆ, ಇಷ್ಟು ಹೇಳಿ. ಲಾರಿಯ ಅಡಿ ಸಿಕ್ಕಿದ್ದರೆ ಕ್ರೇನ್ ಬೇಕು ಅಂತ ಮೊದಲೇ ಹೇಳಿ. ಡೀಸೆಲ್, ಗ್ಯಾಸ್ ಸೋರುತ್ತಿದ್ದರೆ ಬೀಡಿ ಆರಿಸಿ, ಜನರನ್ನು ಗಾಳಿಯ ಎದುರು ದಿಕ್ಕಿಗೆ ಕಳಿಸಿ.

ರಕ್ತ ಸುರಿಯುವಲ್ಲಿ ಶಲ್ಯ, ಟವೆಲ್ ಮಡಚಿ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಮತ್ತೆ ಮತ್ತೆ ತೆಗೆದು ನೋಡಬೇಡಿ. ನೀರು ಕುಡಿಸಬೇಡಿ, ಬಾಯಾರಿದೆ ಅಂದರೂ ಬೇಡ. ಬೆಂಕಿಯ ಭಯ ಇಲ್ಲದಿದ್ದರೆ ಸಿಕ್ಕಿಕೊಂಡವರನ್ನು ಕೈಕಾಲು ಹಿಡಿದು ಎಳೆಯಬೇಡಿ, ಬೆನ್ನುಹುರಿಗೆ ಪೆಟ್ಟಾಗಿರಬಹುದು. ಉಸಿರಿದ್ದು ಎಚ್ಚರವಿಲ್ಲದವರ ಬಾಯಲ್ಲಿ ರಕ್ತ, ವಾಂತಿ ಇದ್ದರೆ ತಲೆ, ಕತ್ತು, ಮೈ ಒಟ್ಟಿಗೇ ಪಕ್ಕಕ್ಕೆ ಹೊರಳಿಸಿ. ದೊಡ್ಡ ಪೆಟ್ಟಾದವರಿಗೆ ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಇದೆ, ಮೂರೂ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳು. ಎಲ್ಲಿಗೆ ಹತ್ತಿರ ಅಂತ ಆಂಬುಲೆನ್ಸಿನವರು ಹೇಳುತ್ತಾರೆ.

ಪೊಲೀಸ್ ಕಾಟ ಬರುತ್ತದೆ ಅಂತ ಹಿಂಜರಿಯಬೇಡಿ. ಮೋಟಾರು ವಾಹನ ಕಾಯ್ದೆಯ 134ಎ ಕಲಂ ಸಹಾಯ ಮಾಡಿದವರನ್ನು ಕಾಪಾಡುತ್ತದೆ. ನಿಮಗೆ ಇಷ್ಟವಿಲ್ಲದಿದ್ದರೆ ಹೆಸರು ಕೂಡ ಹೇಳಬೇಕಿಲ್ಲ. ದಯವಿಟ್ಟು ಲಾರಿ ಡ್ರೈವರನ್ನು ಹೊಡೆಯಬೇಡಿ. ಹೊಡೆತಕ್ಕೆ ಹೆದರಿಯೇ ಅವರು ಓಡಿಹೋಗುತ್ತಾರೆ, ಗಾಯಾಳುವಿನ ಹತ್ತಿರ ಇದ್ದ ಎರಡು ಗಟ್ಟಿ ಕೈಗಳೂ ಹೋಗುತ್ತವೆ.

ಗಾಯಾಳುಗಳನ್ನು ಕಳಿಸಿದ ಮೇಲೆ, ಗಾಡಿ ಎಳೆಯುವ ಮೊದಲು ಫೋಟೋ ತೆಗೆಯಿರಿ. ಲಾರಿಯ ನಂಬರು, ಹಿಂದಿನ ಲೈಟು, ಟೇಪು, ಗಾರ್ಡು, ತ್ರಿಕೋನ ಇತ್ತಾ ಇಲ್ಲವಾ, ಎಷ್ಟು ಭಾಗ ರಸ್ತೆಯ ಮೇಲಿತ್ತು. ಈ ಫೋಟೋಗಳ ಬೆಲೆ ಮುಂದಿನ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 10: ಆಸ್ಪತ್ರೆ ಖರ್ಚು, ಕೇಸು, ಪರಿಹಾರ

2025ರ ಮೇ ತಿಂಗಳಿಂದ ಕೇಂದ್ರದ ನಗದುರಹಿತ ಚಿಕಿತ್ಸೆ ಯೋಜನೆ ಇದೆ. ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಯಲ್ಲಿ 7 ದಿನದವರೆಗೆ, 1.5 ಲಕ್ಷ ರೂಪಾಯಿ ತನಕ. ಆಸ್ಪತ್ರೆಗೆ ಹೋದ ಕೂಡಲೇ ಈ ಯೋಜನೆಯ ಹೆಸರು ಹೇಳಿ ಕೇಳಿ.

ನಿಂತ ಲಾರಿಗೆ ಗುದ್ದಿದ ಪ್ರಕರಣಗಳಲ್ಲಿ ತಪ್ಪೆಲ್ಲ ಸತ್ತ ಡ್ರೈವರನದ್ದೇ ಅಂತ ಬರೆದು ಮುಗಿಸುವ ಸಾಧ್ಯತೆ ಇರುತ್ತದೆ. ಲೈಟಿಲ್ಲದೆ ರಸ್ತೆಯ ಮೇಲೆ ನಿಲ್ಲಿಸಿದ್ದೂ ತಪ್ಪೇ. ದೂರು ಕೊಡುವಾಗಲೇ ಅದನ್ನು ಬರೆಸಿ, ಫೋಟೋ ಕೊಡಿ. ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. ಗಾಡಿಯಲ್ಲಿ ಪ್ರಯಾಣಿಕರಾಗಿ ಕೂತಿದ್ದವರಿಗೆ ಇನ್ನೂ ಗಟ್ಟಿ ಹಕ್ಕಿದೆ. ಎರಡೂ ಗಾಡಿಯವರ ತಪ್ಪಿದ್ದರೆ ಯಾರೊಬ್ಬರಿಂದಲಾದರೂ ಪೂರ್ತಿ ಪರಿಹಾರ ಕೇಳಬಹುದು ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಪರಿಹಾರದ ಅರ್ಜಿ ಹಾಕುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ. ಅಪಘಾತ ಸೋಲಾಪುರದ ಹತ್ತಿರ ಆಗಿರಲಿ, ಹೈದರಾಬಾದಿನ ಹತ್ತಿರ ಆಗಿರಲಿ, ನೀವು ವಾಸವಿರುವ ಊರಿನ ನ್ಯಾಯಮಂಡಳಿಯಲ್ಲೇ ಹಾಕಬಹುದು. ಪುಣೆ, ಮುಂಬೈಗೆ ದುಡಿಯಲು ಹೋದವರ ಮನೆಯವರಿಗೆ ಇದು ತಿಳಿದಿರಲಿ. ತಪ್ಪು ಯಾರದ್ದೆಂದು ಸಾಧಿಸುವ ಗೋಜಿಲ್ಲದೆ ಮೋಟಾರು ವಾಹನ ಕಾಯ್ದೆಯ 164ನೇ ಕಲಂ ಅಡಿ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ಕೇಳುವ ದಾರಿಯೂ ಇದೆ. ಗುದ್ದಿದ ಗಾಡಿ ಪತ್ತೆಯೇ ಆಗದಿದ್ದರೆ ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ಅರ್ಜಿ ಕೊಡಿ, ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ.

ಆಸ್ಪತ್ರೆಯ ಬಾಗಿಲಲ್ಲೇ ಏಜೆಂಟರು ಬರುತ್ತಾರೆ. ಖಾಲಿ ಹಾಳೆಗೆ, ಖಾಲಿ ಚೆಕ್ಕಿಗೆ ಸಹಿ ಹಾಕಬೇಡಿ, ಹೆಬ್ಬೆಟ್ಟು ಒತ್ತಬೇಡಿ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟಿದ್ದರೂ ಅಲ್ಲಿ ವಕೀಲರು ಉಚಿತ.

ಎಫ್‌ಐಆರ್, ಮರಣೋತ್ತರ ಪರೀಕ್ಷೆಯ ವರದಿ, ಗಾಯದ ಪ್ರಮಾಣಪತ್ರ, ಔಷಧದ ಬಿಲ್ಲು, ಕೂಲಿ ಅಥವಾ ಸಂಬಳದ ಯಾವುದೇ ಚೀಟಿ, ಎಲ್ಲವನ್ನೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಇಡಿ, ಎರಡು ಜೆರಾಕ್ಸ್ ಮಾಡಿಸಿ. ಕಾಯ್ದೆಯ ಪ್ರಕಾರ ಅಪಘಾತವಾದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಸೂತಕ, ಕಾರ್ಯ ಅಂತ ಮೊದಲ ತಿಂಗಳು ಗೊತ್ತಾಗದೆ ಹೋಗುತ್ತದೆ. ಮನೆಯಲ್ಲಿ ದುಃಖ ಸ್ವಲ್ಪ ಕಡಿಮೆ ಇರುವ ಒಬ್ಬರನ್ನು, ಅಳಿಯನೋ ಸೋದರಮಾವನೋ ಯಾರಾದರೂ ಆಗಲಿ, ಈ ಕೆಲಸಕ್ಕೆ ಅಂತಲೇ ಗೊತ್ತು ಮಾಡಿ. ಗೋಡೆಯ ಕ್ಯಾಲೆಂಡರಿನಲ್ಲಿ ಐದನೇ ತಿಂಗಳಿನ ಅದೇ ತಾರೀಖಿಗೆ ಕೆಂಪು ಪೆನ್ನಿನಿಂದ ಅವರಿಂದಲೇ ಗುರುತು ಹಾಕಿಸಿ.